ಬ್ರಿಟನ್ನಿನ ಸ್ಪೌಸ್ ವೀಸಾ: ಖಾಯಂ ವಾಸಕ್ಕೆ ತಿಂಗಳ ಲೆಕ್ಕ ಮತ್ತು ಭಾಷಾ ಪರೀಕ್ಷೆ

ಬ್ರಿಟಿಷ್ ಪ್ರಜೆಯನ್ನೋ ಅಲ್ಲಿ ಖಾಯಂ ವಾಸದ ಹಕ್ಕು ಪಡೆದವರನ್ನೋ ಮದುವೆಯಾಗಿ ಬ್ರಿಟನ್ನಿಗೆ ಹೊರಡುವವರು ಮೊದಲ ವೀಸಾ ಕೈಗೆ ಬರುವವರೆಗೆ ವಹಿಸುವ ಎಚ್ಚರವನ್ನು ಆಮೇಲೆ ವಹಿಸುವುದು ಕಡಿಮೆ. ವರಮಾನದ ದಾಖಲೆ, ಮದುವೆ ನೋಂದಣಿ ಪತ್ರ, ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ಎಲ್ಲವನ್ನೂ ಜೋಡಿಸಿ ವಿಮಾನ ಹತ್ತಿದ ಮೇಲೆ, ಐದು ವರ್ಷ ಕಳೆದರೆ ಖಾಯಂ ವಾಸದ ಅನುಮತಿಯಾದ ಐಎಲ್‌ಆರ್ ತಾನಾಗಿ ಬರುತ್ತದೆ ಎಂದು ನಂಬಿಕೊಂಡವರು ಬಹಳ ಮಂದಿ ಇದ್ದಾರೆ. ಹಾಗೆ ತಾನಾಗಿ ಬರುವುದು ಅಲ್ಲಿ ಯಾವುದೂ ಇಲ್ಲ. ಖಾಯಂ ವಾಸದ ಅರ್ಜಿಯನ್ನು ಕಾಡುವ ತಿಂಗಳ ಲೆಕ್ಕ ಮತ್ತು ಭಾಷಾ ಪರೀಕ್ಷೆಯ ಮಟ್ಟ, ಇವೆರಡನ್ನೂ ಮೊದಲ ವೀಸಾಕ್ಕೆ ಅರ್ಜಿ ಹಾಕುವಾಗಲೇ ಯೋಚಿಸಿ ತೀರ್ಮಾನಿಸುವುದು ಲೇಸು.

ಮೊದಲು ನೀವು ಯಾವ ಹಾದಿಯಲ್ಲಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಿ. ನಮ್ಮವರ ಮಾತಿನಲ್ಲಿ ಸ್ಪೌಸ್ ವೀಸಾ ಎಂಬ ಹೆಸರು ಎರಡು ಬೇರೆ ಬೇರೆ ವೀಸಾಗಳಿಗೆ ಸಲ್ಲುತ್ತಿದೆ. ಗಂಡನೋ ಹೆಂಡತಿಯೋ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಅಲ್ಲಿ ಕೆಲಸದಲ್ಲಿದ್ದು, ನೀವು ಅವರ ಜೊತೆ ಹೋಗುವುದಾದರೆ ಅದು ಡಿಪೆಂಡೆಂಟ್ ವೀಸಾ. ಅದರ ಅವಧಿ ಮುಖ್ಯ ವೀಸಾದಾರರ ಅವಧಿಗೆ ಹೊಂದಿಕೊಂಡಿರುತ್ತದೆ ಮತ್ತು ಪ್ರವೇಶಕ್ಕೆ ಭಾಷಾ ಪರೀಕ್ಷೆ ಕೇಳುವುದಿಲ್ಲ. ಸಂಗಾತಿ ಬ್ರಿಟಿಷ್ ಪ್ರಜೆಯಾಗಿದ್ದರೆ ಅಥವಾ ಅದಾಗಲೇ ಐಎಲ್‌ಆರ್ ಪಡೆದಿದ್ದರೆ, 2012ರ ಜುಲೈ 9ರಂದು ಜಾರಿಗೆ ಬಂದ ಅಪೆಂಡಿಕ್ಸ್ ಎಫ್‌ಎಂ ಎಂಬ ಕುಟುಂಬ ವಲಸೆ ನಿಯಮಗಳ ಸ್ಪೌಸ್ ವೀಸಾ ನಿಮ್ಮದಾಗುತ್ತದೆ. ಒಂದು ಹಾದಿಯಲ್ಲಿ ಕಳೆದ ಕಾಲವನ್ನು ಇನ್ನೊಂದರ ಐದು ವರ್ಷಕ್ಕೆ ಕೂಡಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ ಈ ವ್ಯತ್ಯಾಸ ಮುಖ್ಯ. ಮೂರು ವರ್ಷ ಡಿಪೆಂಡೆಂಟ್ ಆಗಿದ್ದವರು, ಸಂಗಾತಿಗೆ ಐಎಲ್‌ಆರ್ ಸಿಕ್ಕಿತೆಂದು ಅವಸರದಲ್ಲಿ ಸ್ಪೌಸ್ ವೀಸಾಕ್ಕೆ ಬದಲಾಯಿಸಿಕೊಂಡರೆ ಮತ್ತೆ ಮೊದಲ ದಿನದಿಂದ ಎಣಿಸಬೇಕಾಗುತ್ತದೆ. ಸಂಗಾತಿ ಖಾಯಂ ಆದ ಮೇಲೂ ಡಿಪೆಂಡೆಂಟ್ ಆಗಿಯೇ ಮುಂದುವರಿಯಲು ಅವಕಾಶವಿದೆ, ಮತ್ತು ಅಂಥವರಿಗೆ ಸಾಮಾನ್ಯವಾಗಿ ಅದೇ ಜಾಣತನ. ಮುಂದೆ ಹೇಳುವುದೆಲ್ಲ ಅಪೆಂಡಿಕ್ಸ್ ಎಫ್‌ಎಂ ಹಾದಿಗೆ ಸಂಬಂಧಿಸಿದ್ದು.

ತಿಂಗಳ ಲೆಕ್ಕ

ಭಾರತದಿಂದ ಅರ್ಜಿ ಹಾಕಿದವರಿಗೆ ಸಿಗುವ ಮೊದಲ ವೀಸಾದ ಅವಧಿ 33 ತಿಂಗಳು. ಬ್ರಿಟನ್ನಿನ ಒಳಗಿದ್ದುಕೊಂಡೇ ಬೇರೆ ವೀಸಾದಿಂದ ಇದಕ್ಕೆ ಬದಲಾಯಿಸಿಕೊಳ್ಳುವವರಿಗೆ 30 ತಿಂಗಳು. ಆ ಬಳಿಕ ಎಫ್‌ಎಲ್‌ಆರ್-ಎಂ ಎಂಬ ಅರ್ಜಿಯ ಮೂಲಕ ಪಡೆಯುವ ವಿಸ್ತರಣೆ ಇಬ್ಬರಿಗೂ 30 ತಿಂಗಳು. ಖಾಯಂ ವಾಸಕ್ಕೆ ಬೇಕಾದದ್ದು ಸಂಗಾತಿಯೆಂಬ ನೆಲೆಯಲ್ಲಿ ಬ್ರಿಟನ್ನಿನಲ್ಲಿ ಕಳೆದ 60 ತಿಂಗಳು. 33ಕ್ಕೆ 30 ಕೂಡಿದರೆ 63 ಆಗುತ್ತದಲ್ಲ, ಮೂರು ತಿಂಗಳು ಉಳಿಯಿತು ಎಂದು ಅನೇಕರು ನಿಶ್ಚಿಂತರಾಗುತ್ತಾರೆ. ಆ ಮೂರು ತಿಂಗಳು ವೀಸಾ ಶುರುವಾದ ದಿನಕ್ಕೂ ನೀವು ಅಲ್ಲಿಗೆ ತಲುಪುವ ದಿನಕ್ಕೂ ನಡುವಿನ ಅಂತರಕ್ಕೆಂದು ಕೊಟ್ಟಿರುವ ರಿಯಾಯಿತಿ. ಎಣಿಕೆ ಆರಂಭವಾಗುವುದು ನೀವು ಆ ವೀಸಾದ ಮೇಲೆ ಬ್ರಿಟನ್ನಿಗೆ ಕಾಲಿಟ್ಟ ದಿನದಿಂದಲೇ ಹೊರತು ವೀಸಾದಲ್ಲಿ ನಮೂದಾದ ಆರಂಭದ ದಿನಾಂಕದಿಂದಲ್ಲ.

ಒಂದು ಉದಾಹರಣೆ ನೋಡೋಣ. ವೀಸಾ 2026ರ ಮಾರ್ಚ್ 1ರಿಂದ 2028ರ ಡಿಸೆಂಬರ್ 1ರವರೆಗೆ ಇದೆ ಎಂದುಕೊಳ್ಳಿ. ನೀವು 2026ರ ಏಪ್ರಿಲ್ 15ಕ್ಕೆ ಅಲ್ಲಿಗೆ ತಲುಪಿದಿರಿ. ಐದು ವರ್ಷ ತುಂಬುವುದು 2031ರ ಏಪ್ರಿಲ್ 15ಕ್ಕೆ; ಐಎಲ್‌ಆರ್ ಅರ್ಜಿಯನ್ನು ಅದಕ್ಕೆ 28 ದಿನ ಮೊದಲೇ, ಅಂದರೆ ಮಾರ್ಚ್ 18ರಿಂದಲೇ ಹಾಕಬಹುದು. ನಡುವೆ 2028ರ ನವೆಂಬರಿನಲ್ಲಿ ವಿಸ್ತರಣೆಗೆ ಅರ್ಜಿ ಹಾಕಿ ನವೆಂಬರ್ 20ರಂದು ತೀರ್ಪು ಬಂದರೆ, ಆ ದಿನದಿಂದ 30 ತಿಂಗಳು ಮತ್ತು ಹಳೆಯ ವೀಸಾದಲ್ಲಿ ಉಳಿದಿದ್ದ ದಿನಗಳು ಕೂಡಿ, 2031ರ ಮೇ ಕೊನೆಯವರೆಗೆ ವೀಸಾ ಇರುತ್ತದೆ. ಮಾರ್ಚ್ 18ರಿಂದ ಮೇ ಕೊನೆಯವರೆಗೆ ಅರ್ಜಿ ಹಾಕಲು ಎರಡು ತಿಂಗಳಿಗೂ ಮಿಕ್ಕ ಕಾಲ ಸಿಕ್ಕಿತು.

ಅದೇ ವೀಸಾದ ಮೇಲೆ, ಊರಿನಲ್ಲಿ ಕೆಲಸದ ನೋಟಿಸ್ ಅವಧಿಯೋ ಮನೆಯ ಕಾರ್ಯವೋ ಮುಗಿಯಲಿ ಎಂದು ಜುಲೈ 15ಕ್ಕೆ ಹೊರಟರೆ ಚಿತ್ರ ಬದಲಾಗುತ್ತದೆ. ಐದು ವರ್ಷ ತುಂಬುವುದು 2031ರ ಜುಲೈ 15ಕ್ಕೆ, ಅರ್ಜಿ ಹಾಕಬಹುದಾದ ಮೊದಲ ದಿನ ಜೂನ್ 17. ಆದರೆ ವಿಸ್ತರಣೆಯ ತೀರ್ಪು ನವೆಂಬರ್ 20ಕ್ಕೇ ಬಂದಿದ್ದರೆ ವೀಸಾ ಮೇ ಕೊನೆಗೆ ಮುಗಿದಿರುತ್ತದೆ. ಕೆಲವೇ ದಿನಗಳ ಕೊರತೆಗೆ ಇನ್ನೊಂದು ಪೂರ್ತಿ ವಿಸ್ತರಣೆಯ ಅರ್ಜಿ ಹಾಕಬೇಕು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಅದರ ಶುಲ್ಕ 1,321 ಪೌಂಡ್, ಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡಿನಂತೆ ಎರಡೂವರೆ ವರ್ಷಕ್ಕೆ 2,587 ಪೌಂಡ್ 50 ಪೆನ್ಸ್. ತಡವಾಗಿ ಹೋದವರು ಹೆಚ್ಚುವರಿ ಹಣ ಕಟ್ಟಿ ಒಂದೇ ದಿನದಲ್ಲಿ ತೀರ್ಪು ಪಡೆಯುವ ಸೌಲಭ್ಯದ ಹಿಂದೆ ಬೀಳಬಾರದು ಎಂಬುದೂ ಇದರಿಂದಲೇ ತಿಳಿಯುತ್ತದೆ. ಅವಧಿ ಮುಗಿಯುವ ಮುನ್ನವೇ ಅರ್ಜಿ ಸಲ್ಲಿಸಿದ್ದರೆ, ತೀರ್ಪು ಬರುವವರೆಗೆ ಹಳೆಯ ವೀಸಾದ ಹಕ್ಕುಗಳು ಕಾನೂನಿನಂತೆ ಮುಂದುವರಿಯುತ್ತವೆ. ತೀರ್ಪು ತಡವಾದಷ್ಟೂ ಹೊಸ 30 ತಿಂಗಳು ತಡವಾಗಿ ಶುರುವಾಗುತ್ತದೆ. ಇಂಥವರಿಗೆ ವೀಸಾ ತೀರ್ಮಾನಿಸುವ ಗೃಹ ಇಲಾಖೆಯಾದ ಹೋಮ್ ಆಫೀಸಿನ ನಿಧಾನವೇ ವರ. ಆದರೆ ತೀರ್ಪು ಬರುವ ಮೊದಲು ದೇಶ ಬಿಟ್ಟು ಹೋದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆ ಪರಿಗಣಿಸುತ್ತಾರೆ. ಆ ದಿನಗಳಲ್ಲಿ ಊರಿನ ಮದುವೆ ಮುಂಜಿಗಳಿಗೆ ಟಿಕೆಟ್ ಮಾಡಿಸಬೇಡಿ.

ವಿಸ್ತರಣೆಗೆ ಬೇಗ ಅರ್ಜಿ ಹಾಕುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಹಳೆಯ ವೀಸಾದಲ್ಲಿ ಎಷ್ಟೇ ತಿಂಗಳು ಉಳಿದಿದ್ದರೂ ಹೊಸದಕ್ಕೆ ಸೇರುವುದು ಹೆಚ್ಚೆಂದರೆ 28 ದಿನ ಮಾತ್ರ. ಏಪ್ರಿಲ್ 15ಕ್ಕೆ ತಲುಪಿದ ಮೊದಲ ಉದಾಹರಣೆಯವರೇ 2028ರ ಆಗಸ್ಟ್ 1ಕ್ಕೆ ತೀರ್ಪು ಪಡೆದಿದ್ದರೆ ಅವರ ವೀಸಾ 2031ರ ಮಾರ್ಚ್ ಆರಂಭಕ್ಕೇ ಮುಗಿದು, ಮಾರ್ಚ್ 18ನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ಮೊದಲ ವೀಸಾದ ಕೊನೆಯ 28 ದಿನಗಳೊಳಗೆ, ಕೊನೆಯ ದಿನದವರೆಗೆ ಎಳೆಯದೆ ಅರ್ಜಿ ಹಾಕುವುದು ಸುರಕ್ಷಿತ. ಬೋರ್ಡಿಂಗ್ ಪಾಸ್ ಮತ್ತು ಪಾಸ್‌ಪೋರ್ಟಿನ ಮೊಹರಿನ ಚಿತ್ರವನ್ನು ತೆಗೆದಿಟ್ಟುಕೊಂಡರೆ ತಲುಪಿದ ದಿನದ ಬಗ್ಗೆ ಮುಂದೆ ಗೊಂದಲ ಬರುವುದಿಲ್ಲ.

ಮದುವೆಯಾಗಲೆಂದು ಹೋಗುವ ಆರು ತಿಂಗಳ ಫಿಯಾನ್ಸೆ ವೀಸಾದ ಕಾಲ ಈ 60 ತಿಂಗಳಲ್ಲಿ ಸೇರುವುದಿಲ್ಲ. ವರಮಾನ ಅಥವಾ ಭಾಷೆಯ ಷರತ್ತು ಪೂರೈಸಲಾಗದೆ ಮಕ್ಕಳ ಹಿತದಂಥ ವಿಶೇಷ ಕಾರಣಗಳ ಮೇಲೆ ಅನುಮತಿ ಪಡೆದವರದು ಹತ್ತು ವರ್ಷದ ಹಾದಿ.

ಭಾಷಾ ಪರೀಕ್ಷೆ: ಮೂರು ಮೆಟ್ಟಿಲು

ಮೊದಲ ವೀಸಾಕ್ಕೆ ಎ1, ವಿಸ್ತರಣೆಗೆ ಎ2, ಖಾಯಂ ವಾಸಕ್ಕೆ ಬಿ1. ಯುರೋಪಿನ ಭಾಷಾ ಮಾನದಂಡದ ಈ ಮಟ್ಟಗಳಲ್ಲಿ ಎ1 ಎಂದರೆ ತೀರ ಪ್ರಾಥಮಿಕ ಮಾತುಕತೆ, ಬಿ1 ಎಂದರೆ ನಿತ್ಯದ ವಿಷಯಗಳ ಬಗ್ಗೆ ಕಾರಣ ಕೊಟ್ಟು, ಅಭಿಪ್ರಾಯ ಹೇಳಿ ಮಾತನಾಡಬಲ್ಲ ಶಕ್ತಿ. ಪರೀಕ್ಷೆ ಮಾತನಾಡುವುದು ಮತ್ತು ಕೇಳಿ ಅರ್ಥಮಾಡಿಕೊಳ್ಳುವುದಕ್ಕೆ ಸೀಮಿತ. ಓದು ಬರಹವನ್ನು ಈ ಹಾದಿಯಲ್ಲಿ ಕೇಳುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಶಾಲೆ ಮುಗಿಸಿದವರಿಗೆ ಇದು ಅವಮಾನದಂತೆ ಕಂಡರೂ, ವಿನಾಯಿತಿ ಇರುವ ಇಂಗ್ಲಿಷ್ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಅಂಕಪಟ್ಟಿಯ ಇಂಗ್ಲಿಷ್ ಅಂಕಗಳು ಇಲ್ಲಿ ನಡೆಯುವುದಿಲ್ಲ.

ನಡೆಯುವುದು ಪದವಿ. ಇಂಗ್ಲಿಷಿನಲ್ಲಿ ಬೋಧಿಸಿದ ಬಿ.ಇ., ಬಿ.ಕಾಂ. ಅಥವಾ ಎಂ.ಎಸ್ಸಿ. ನಿಮ್ಮಲ್ಲಿದ್ದರೆ, ಹಿಂದೆ ಯುಕೆ ನಾರಿಕ್ ಎಂದು ಹೆಸರಾಗಿದ್ದ ಎಕ್ಟಿಸ್ ಸಂಸ್ಥೆಯಿಂದ, ಆ ಪದವಿ ಬ್ರಿಟನ್ನಿನ ಪದವಿಗೆ ಸಮಾನ ಮತ್ತು ಅದನ್ನು ಇಂಗ್ಲಿಷಿನಲ್ಲಿ ಕಲಿಸಲಾಗಿದೆ ಎಂಬ ದೃಢೀಕರಣವನ್ನು ಶುಲ್ಕ ಕಟ್ಟಿ ಪಡೆಯಬಹುದು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವರಿಗೆ ಈ ದಾರಿ ಇಲ್ಲ. ದಾರಿ ಇರುವವರು ಇದನ್ನೇ ಹಿಡಿಯಲಿ ಎಂಬುದು ನನ್ನ ಸಲಹೆ, ಏಕೆಂದರೆ ಒಮ್ಮೆ ಒಪ್ಪಿತವಾದ ಪದವಿ ಮೂರು ಮೆಟ್ಟಿಲಿಗೂ ಸಾಕು.

ಪರೀಕ್ಷೆಯೇ ಬರೆಯಬೇಕಾದವರಲ್ಲಿ, ಸರಾಗವಾಗಿ ಮಾತನಾಡಬಲ್ಲವರು ಎ1ನ್ನು ಬಿಟ್ಟು ಮೊದಲೇ ಬಿ1ಕ್ಕೆ ಕೂರುವುದು ಒಳ್ಳೆಯದು. ಸಾಮಾನ್ಯವಾಗಿ ಪ್ರಮಾಣಪತ್ರದ ಬಾಳಿಕೆ ಎರಡು ವರ್ಷ. ಆದರೆ ಅದನ್ನು ತೋರಿಸಿ ಒಂದು ಅರ್ಜಿ ಮಂಜೂರಾಗಿದ್ದರೆ, ಮುಂದಿನ ಅರ್ಜಿಗೆ ಬೇಕಾದ ಮಟ್ಟ ಅದರಲ್ಲಿರುವ ತನಕ, ಅವಧಿ ಮುಗಿದಿದ್ದರೂ ಅದನ್ನೇ ಮತ್ತೆ ಬಳಸಬಹುದು. ಎ1 ತೋರಿಸಿ ಒಂದೊಂದೇ ಮೆಟ್ಟಿಲು ಏರುವವರು ಇನ್ನೆರಡು ಸಲ ಪರೀಕ್ಷೆಗೆ ಕೂರಬೇಕು, ಬಿ1 ತೋರಿಸಿದವರ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವವರು ಮಾತ್ರ ಆಸೆಗೆ ಬೀಳದೆ ಎ1ರಿಂದಲೇ ಹೊರಡಲಿ; ಬಿ1ರಲ್ಲಿ ತೇರ್ಗಡೆಯಾಗದೆ ಹೋದರೆ ಮೊದಲ ವೀಸಾವೇ ತಡವಾಗುತ್ತದೆ.

ಹೆಚ್ಚು ಮಂದಿ ಎಡವುವುದು ಪರೀಕ್ಷೆಯ ಆಯ್ಕೆಯಲ್ಲಿ. ವಿದೇಶಿ ವಿಶ್ವವಿದ್ಯಾಲಯಕ್ಕೆಂದು ಬರೆದ ಸಾಮಾನ್ಯ ಐಇಎಲ್‌ಟಿಎಸ್ ಅಂಕಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ನಡೆಯುವುದಿಲ್ಲ. ಸೆಲ್ಟ್ ಎಂದು ಕರೆಯುವ, ಹೋಮ್ ಆಫೀಸ್ ಒಪ್ಪಿದ ಇಂಗ್ಲಿಷ್ ಪರೀಕ್ಷೆಗಳ ಪಟ್ಟಿಯಲ್ಲಿರುವ ಪರೀಕ್ಷೆಯೇ ಆಗಬೇಕು, ಅದೂ ಮಾನ್ಯತೆ ಪಡೆದ ಕೇಂದ್ರದಲ್ಲೇ ನಡೆದಿರಬೇಕು. ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್, ಪಿಯರ್ಸನ್ನಿನ ಪಿಟಿಇ ಹೋಮ್, ಲ್ಯಾಂಗ್ವೇಜ್‌ಸರ್ಟ್ ಇವು ಈ ಉದ್ದೇಶಕ್ಕೇ ರೂಪಿಸಿದವು. ಟ್ರಿನಿಟಿ ಕಾಲೇಜ್ ಲಂಡನ್ನಿನ ಸೆಲ್ಟ್ ಕೇಂದ್ರಗಳು ಬ್ರಿಟನ್ನಿನೊಳಗೆ ಮಾತ್ರ ಇವೆ. ಆದರೆ ಅಲ್ಲಿ ನೆಲೆಸಿದ ಮೇಲೆ ಬಿ1 ಬರೆಯುವವರಲ್ಲಿ ಅದು ಜನಪ್ರಿಯ, ಏಕೆಂದರೆ ಪರೀಕ್ಷಕರೊಬ್ಬರೊಡನೆ ಹತ್ತು ನಿಮಿಷ ಮಾತನಾಡಿದರೆ ಮುಗಿಯಿತು, ಅದರಲ್ಲಿ ಅರ್ಧ ಭಾಗ ನೀವೇ ಆರಿಸಿ ಸಿದ್ಧಪಡಿಸಿಕೊಂಡು ಹೋದ ವಿಷಯದ ಮೇಲೆ. ಲೈಫ್ ಸ್ಕಿಲ್ಸ್‌ನಲ್ಲಿ ಇನ್ನೊಬ್ಬ ಅಭ್ಯರ್ಥಿಯೂ ಜೊತೆಗಿರುತ್ತಾರೆ. ಅಪರಿಚಿತರ ಮುಂದೆ ನಾಲಗೆ ತಡವರಿಸುವವರು ಇದನ್ನು ಗಮನದಲ್ಲಿಡಲಿ. ಪರೀಕ್ಷೆ ಕಾಯ್ದಿರಿಸುವಾಗ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್‌ಗಳು ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿ ಕೂರುವ ನಮ್ಮ ಕಡೆಯವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಲೈಫ್ ಇನ್ ದ ಯುಕೆ

ಭಾಷೆಯ ಷರತ್ತಿಗಿಂತ ಬೇರೆಯಾದ ಈ ಪರೀಕ್ಷೆ ಖಾಯಂ ವಾಸದ ಅರ್ಜಿಗೆ ಮಾತ್ರ ಬೇಕು. 2013ರ ಅಕ್ಟೋಬರ್ 28ರವರೆಗೆ ಇದರಲ್ಲಿ ತೇರ್ಗಡೆಯಾದರೆ ಭಾಷೆಯ ಷರತ್ತೂ ಪೂರೈಸಿದಂತೆ ಆಗುತ್ತಿತ್ತು. ಆ ದಿನದಿಂದ ಎರಡೂ ಬೇಕಾದವು. ಹಳಬರು ಈಗಲೂ ಒಂದೇ ಸಾಕೆಂದು ಹೇಳುವುದು ಇದರಿಂದಾಗಿ. ಬ್ರಿಟನ್ನಿನ ಇತಿಹಾಸ, ಆಡಳಿತ, ಸಂಪ್ರದಾಯಗಳ ಬಗ್ಗೆ 24 ಪ್ರಶ್ನೆಗಳು, 45 ನಿಮಿಷ, ತೇರ್ಗಡೆಗೆ 18 ಸರಿಯುತ್ತರ, ಶುಲ್ಕ 50 ಪೌಂಡ್. ವೇಲ್ಸ್‌ನಲ್ಲಿ ವೆಲ್ಷ್ ಭಾಷೆಯಲ್ಲೂ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಭಾಷೆಯಲ್ಲೂ ಬರೆಯಬಹುದು ಎಂಬುದನ್ನು ಬಿಟ್ಟರೆ ಎಲ್ಲರಿಗೂ ಇಂಗ್ಲಿಷೇ ಗತಿ. ಪ್ರಶ್ನೆಗಳು ಅಧಿಕೃತ ಕೈಪಿಡಿಯಿಂದಲೇ ಬರುವುದರಿಂದ ಅದನ್ನು ಗಮನವಿಟ್ಟು ಓದಿದರೆ ಸಾಕು. ಫಲಿತಾಂಶಕ್ಕೆ ಅವಧಿ ಮಿತಿಯಿಲ್ಲ; ಕೊನೆಯ ತಿಂಗಳಿಗೆ ಉಳಿಸಿಕೊಳ್ಳುವ ಬದಲು ನಾಲ್ಕನೆಯ ವರ್ಷದಲ್ಲೇ ಮುಗಿಸಿಡಿ. ಅರ್ಜಿಯ ದಿನಕ್ಕೆ 65 ವರ್ಷ ತುಂಬಿದವರಿಗೆ ಎರಡೂ ಪರೀಕ್ಷೆಗಳಿಂದ ವಿನಾಯಿತಿಯಿದೆ. ದೀರ್ಘಕಾಲದ ದೈಹಿಕ ಅಥವಾ ಮಾನಸಿಕ ತೊಂದರೆ ಇರುವವರು ವೈದ್ಯರ ದಾಖಲೆಯೊಂದಿಗೆ ವಿನಾಯಿತಿ ಕೋರಬಹುದು.

ಅರ್ಜಿಯ ಹೊತ್ತಿಗೆ

ಸೆಟ್-ಎಂ ಎಂಬ ಖಾಯಂ ವಾಸದ ಅರ್ಜಿಯಲ್ಲೂ ವರಮಾನದ ಷರತ್ತು ಮತ್ತೆ ಬರುತ್ತದೆ. 2024ರ ಏಪ್ರಿಲ್ 11ರಿಂದ ಅದು ವರ್ಷಕ್ಕೆ 29,000 ಪೌಂಡ್. ಅದಕ್ಕೆ ಮೊದಲೇ ಇದೇ ಸಂಗಾತಿಯ ಆಧಾರದಲ್ಲಿ ಈ ಹಾದಿಗೆ ಬಂದವರಿಗೆ ಹಳೆಯ 18,600 ಪೌಂಡೇ ಸಾಕು. ಇಬ್ಬರೂ ಒಂದೇ ವಿಳಾಸದಲ್ಲಿ ಬಾಳಿದ್ದಕ್ಕೆ ಬ್ಯಾಂಕು, ಕೌನ್ಸಿಲ್ ತೆರಿಗೆ, ವಿದ್ಯುತ್ ಬಿಲ್, ಆಸ್ಪತ್ರೆಯ ಪತ್ರಗಳು ಬೇಕಾಗುವುದರಿಂದ ಎಲ್ಲ ಬಿಲ್ಲುಗಳನ್ನೂ ಒಬ್ಬರ ಹೆಸರಿಗೇ ಮಾಡಿಸಬೇಡಿ. 2025ರ ಏಪ್ರಿಲ್ ದರದಂತೆ ಶುಲ್ಕ 3,029 ಪೌಂಡ್. ಆರೋಗ್ಯ ಸರ್‌ಚಾರ್ಜ್ ಇಲ್ಲಿ ಇಲ್ಲ.

ನಿಯಮಗಳು ಬದಲಾಗುವ ಕಾಲವಿದು. 2025ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ಹೊರಡಿಸಿದ ಶ್ವೇತಪತ್ರದಲ್ಲಿ ಖಾಯಂ ವಾಸಕ್ಕೆ ಸಾಮಾನ್ಯವಾಗಿ ಕಾಯಬೇಕಾದ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸುವ, ಆದರೆ ಬ್ರಿಟಿಷ್ ಪ್ರಜೆಗಳ ಸಂಗಾತಿಗಳಿಗೆ ಐದು ವರ್ಷವನ್ನೇ ಉಳಿಸುವ ಪ್ರಸ್ತಾವ ಇತ್ತು. ಭಾಷೆಯ ಮಟ್ಟವನ್ನು ಬಿ1ರಿಂದ ಬಿ2ಕ್ಕೆ ಏರಿಸುವ ಇರಾದೆಯೂ ಅದರಲ್ಲೇ ಇತ್ತು. ಆದ್ದರಿಂದ ಸಂಗಾತಿ ಪ್ರಜೆಯೋ, ಕೇವಲ ಐಎಲ್‌ಆರ್ ಉಳ್ಳವರೋ ಎಂಬ ಭೇದಕ್ಕೆ ಮುಂದೆ ಹೆಚ್ಚಿನ ತೂಕ ಬರಬಹುದು. ಪ್ರತಿ ಅರ್ಜಿಗೆ ಮೂರು ತಿಂಗಳ ಮೊದಲು ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಆ ಹೊತ್ತಿನ ನಿಯಮವನ್ನೂ ಶುಲ್ಕವನ್ನೂ ನೋಡಿಕೊಳ್ಳಿ. ಪರಿಚಿತರ ಅನುಭವ ಎರಡು ವರ್ಷ ಹಳೆಯದಾದರೂ ಅದನ್ನು ನೆಚ್ಚಬೇಡಿ.

ಐಎಲ್‌ಆರ್ ಕೈಸೇರಿದ ಮೇಲೆ, ಬ್ರಿಟಿಷ್ ಪ್ರಜೆಯ ಸಂಗಾತಿಯಾದವರು ಮೂರು ವರ್ಷದ ವಾಸದ ಷರತ್ತು ಪೂರೈಸಿದ್ದರೆ ಪೌರತ್ವಕ್ಕೆ ತಕ್ಷಣವೇ ಅರ್ಜಿ ಹಾಕಬಹುದು, ಉಳಿದವರು ಹನ್ನೆರಡು ತಿಂಗಳು ಕಾಯಬೇಕು. ಖಾಯಂ ವಾಸಕ್ಕೆ ತೋರಿಸಿದ ಎರಡು ಪರೀಕ್ಷೆಗಳೇ ಅಲ್ಲಿಯೂ ಸಲ್ಲುತ್ತವೆ. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಳ್ಳಲು ಬಯಸುವವರು ಐಎಲ್‌ಆರ್‌ನಲ್ಲೇ ನಿಲ್ಲಬಹುದು. ಅಂಥವರು ಬ್ರಿಟನ್ನಿನಿಂದ ಸತತವಾಗಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹೊರಗೆ ಉಳಿದರೆ ಆ ಹಕ್ಕು ರದ್ದಾಗುತ್ತದೆ.