ಟೆನ್ಸ್ ಕಲಿಸೋಕೆ ನಮ್ಮ ಕನ್ನಡವೇ ಸಾಕಾಯ್ತು

ನಮ್ಮ ಮನೆಯಲ್ಲಿ ಮಾತೆಲ್ಲಾ ಕನ್ನಡ, ಮಕ್ಕಳ ಶಾಲೆ ಇಂಗ್ಲಿಷ್. ಗ್ರಾಮರ್ ಪುಸ್ತಕದಲ್ಲಿ 12 ಟೆನ್ಸ್‌ಗಳ ಪಟ್ಟಿ ಇರುತ್ತದಲ್ವಾ, ಅದನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆಗೆ ಆಗುತ್ತದೆ, ಮಾತಿಗೆ ಬರೋದಿಲ್ಲ. ಪಟ್ಟಿ ಪಕ್ಕಕ್ಕಿಟ್ಟು, ಅವರಿಗೆ ಆಗಲೇ ಬರುವ ಕನ್ನಡದಿಂದಲೇ ಶುರು ಮಾಡಿದೆ.

ಮಗಳು 'ಐ ಡಿಡ್ ನಾಟ್ ವೆಂಟ್' ಅನ್ನುತ್ತಿದ್ದಳು. 'ಕನ್ನಡದಲ್ಲಿ ಹೋದಲಿಲ್ಲ ಅಂತೀಯೇನೇ?' ಅಂದೆ. ಬಿದ್ದು ಬಿದ್ದು ನಕ್ಕಳು. 'ಹೋಗಲಿಲ್ಲ' ಅನ್ನುವಾಗ 'ಹೋಗು' ಹಾಗೇ ಇರುತ್ತದೆ, ಆಗಿಹೋದದ್ದು ಅಂತ ತೋರಿಸುವ ಕೆಲಸ ಕೊನೆಯ 'ಲಿಲ್ಲ'ದ್ದು. ಇಂಗ್ಲಿಷ್‌ನಲ್ಲಿ ಆ ಕೆಲಸ 'ಡಿಡ್' ಮಾಡುತ್ತದೆ, ಮುಂದೆ ಬರೀ 'ಗೋ' ಸಾಕು.

ಪ್ರೆಸೆಂಟ್ ಪರ್ಫೆಕ್ಟ್‌ಗೂ, ಅಂದರೆ 'ಹ್ಯಾವ್', 'ಹ್ಯಾಸ್' ಸೇರಿಸಿ ಹೇಳುವ ಟೆನ್ಸ್‌ಗೂ, 'ಇಲ್ಲ'ವೇ ದಾರಿ. 'ಬಸ್ ಇನ್ನೂ ಬಂದಿಲ್ಲ', 'ನಿನ್ನೆ ಬಸ್ ಬರಲಿಲ್ಲ'. ಸ್ಟಾಪಿನಲ್ಲಿ ನಿಂತ ಮಗು ಇವೆರಡನ್ನು ಅದಲುಬದಲು ಮಾಡೋದಿಲ್ಲ. ಮೊದಲನೆಯದಕ್ಕೆ 'ಹ್ಯಾಸ್ ನಾಟ್ ಕಮ್', ಎರಡನೆಯದಕ್ಕೆ 'ಡಿಡ್ ನಾಟ್ ಕಮ್'. ಆದರೆ 'ಇಲ್ಲ' ಇಲ್ಲದ ಕಡೆ ಈ ಉಪಾಯ ಕೈಕೊಡುತ್ತದೆ. 'ಅಜ್ಜಿ ನಿನ್ನೆ ಬಂದಿದ್ದಾರೆ' ಅಂತ ನಾವು ಧಾರಾಳವಾಗಿ ಹೇಳುತ್ತೇವೆ, ಇಂಗ್ಲಿಷ್‌ನಲ್ಲಿ 'ನಿನ್ನೆ' ಬಂದರೆ 'ಹ್ಯಾಸ್' ಹೋಗಬೇಕು. ಹಾಗಾಗಿ ನಿನ್ನೆ, ಮೊನ್ನೆ, ಹೋದ ವಾರ ಅಂತ ಕಂಡ ತಕ್ಷಣ 'ಹ್ಯಾವ್', 'ಹ್ಯಾಸ್' ಹೊಡೆದುಹಾಕುವ ಆಟ ಆಡಿಸಿದೆ.

'ಐ ಆಮ್ ನೋಯಿಂಗ್', 'ಐ ಆಮ್ ವಾಂಟಿಂಗ್' ಬಿಡಿಸೋದು ಸುಲಭವಾಯಿತು. 'ಗೊತ್ತುತ್ತಾ ಇದೆ, ಬೇಕುತ್ತಾ ಇದೆ' ಅಂತ ಯಾರಾದರೂ ಅಂತಾರಾ?

ಕಷ್ಟವಾಗಿದ್ದು 'ಬರ್ತೀನಿ'. ದಿನಾ ಬರೋದಕ್ಕೂ ಅದೇ, ನಾಳೆ ಬರೋದಕ್ಕೂ ಅದೇ, ಇಲ್ಲಿ ಕನ್ನಡ ಸಹಾಯಕ್ಕೆ ಬರೋದಿಲ್ಲ. ಪ್ರತಿ ಸಲ 'ದಿನಾನಾ, ನಾಳೆನಾ?' ಅಂತ ಕೇಳುತ್ತೇನೆ, ದಿನಾ ಅಂದರೆ 'ಕಮ್', ನಾಳೆ ಅಂದರೆ 'ವಿಲ್ ಕಮ್'. ಊಟಕ್ಕೆ ಕರೆದಾಗ ರೂಮಿನಿಂದ ಏಳದೇ 'ಬಂದೇ ಬಂದೇ' ಅಂತಾರಲ್ಲ, ಅದಕ್ಕೆ 'ಕಮಿಂಗ್' ಅಂತ ಸುಮ್ನೆ ಹೇಳಿಕೊಟ್ಟೆ, ವಿವರಿಸೋಕೆ ಹೋಗಲಿಲ್ಲ.

'ಹೀ ಈಟ್ಸ್' ಅನ್ನೋದರ 'ಸ್' ಮಾತ್ರ ಮಗ ಇನ್ನೂ ನುಂಗುತ್ತಾನೆ. ತಿಂತಾನೆ, ತಿಂತಾಳೆ, ತಿನ್ನುತ್ತೆ ಅಂತ ತಪ್ಪದೇ ಬದಲಾಯಿಸೋನು ಇಲ್ಲಿ ಒಂದು 'ಸ್' ಸೇರಿಸೋಕೆ ಜಿಪುಣತನ ಮಾಡುತ್ತಾನೆ. ಬರೆದಾಗ ತಿದ್ದುತ್ತೇನೆ, ಮಾತಾಡುವಾಗ ಬಿಟ್ಟುಬಿಡುತ್ತೇನೆ. ಮಧ್ಯೆ ಜಾಸ್ತಿ ತಡೆದರೆ ಅವನು ಹೇಳೋಕೆ ಹೊರಟಿದ್ದನ್ನೇ ನಿಲ್ಲಿಸಿಬಿಡುತ್ತಾನೆ.