ಹಳೆಯ ಭಯಾನಕ ಕಾಮಿಕ್ಸ್ ಕೊಳ್ಳುವ ಮುನ್ನ

ಗೆಳೆಯರೇ, ಅಮೆರಿಕದ ಇ.ಸಿ. ಕಾಮಿಕ್ಸ್ 1950ರ ದಶಕದಲ್ಲಿ ಹೊರತಂದ ಭಯಾನಕ ಸಂಚಿಕೆಗಳನ್ನು ಹುಡುಕುತ್ತಿದ್ದರೆ, ಮುಖಪುಟಕ್ಕೆ ಮರುಳಾಗುವ ಮೊದಲು ಒಳಗೆ ಸಣ್ಣ ಅಕ್ಷರದಲ್ಲಿರುವ ಪ್ರಕಾಶನ ವಿವರ ಓದಿ. ಇವು 1990ರ ದಶಕದಲ್ಲಿ ಮರುಮುದ್ರಣಗೊಂಡಿವೆ. ಮುಖಪುಟದ ಚಿತ್ರ ನೋಡಿದರೆ ಮೂಲವೆಂದೇ ಅನಿಸುತ್ತದೆ. ಆ ವಿವರದ ಮತ್ತು ಬೆನ್ನಿನ ಪಿನ್ನುಗಳ ಫೋಟೊ ಕೇಳಿ ಪಡೆಯಿರಿ. ಅಂಚು ಕತ್ತರಿಸಿದ ಅಥವಾ ಮಾಸಿದ ಕಡೆ ಬಣ್ಣ ತುಂಬಿದ ಪ್ರತಿಗೆ ಪೂರ್ತಿ ಬೆಲೆ ಕೊಡಬೇಡಿ.

ಕೈಯಲ್ಲಿ ಹಣ ಕಡಿಮೆಯಿದ್ದರೆ ವಾರೆನ್ ಪ್ರಕಾಶನ ಸಂಸ್ಥೆಯ ಭಯಾನಕ ಕಾಮಿಕ್ಸ್ ಪತ್ರಿಕೆ 'ಕ್ರೀಪಿ'ಯಿಂದ ಆರಂಭಿಸಿ ಎನ್ನುತ್ತೇನೆ. 1964ರಲ್ಲಿ ಶುರುವಾದ ಇದು ನಿಯತಕಾಲಿಕದ ಆಕಾರದಲ್ಲಿ ಬಂದದ್ದರಿಂದ 1954ರ ಕಾಮಿಕ್ಸ್ ಸಂಹಿತೆಯ (ಕಾಮಿಕ್ಸ್ ಪ್ರಕಾಶಕರೇ ಮಾಡಿಕೊಂಡ ಸೆನ್ಸಾರ್ ನಿಯಮಗಳ) ಕತ್ತರಿಗೆ ಸಿಗಲಿಲ್ಲ. ಕಲಾವಿದ ಫ್ರಾಂಕ್ ಫ್ರಜೆಟಾ ಬರೆದ ಅದರ ಮುಖಪುಟಗಳನ್ನು ಬಿಡಬೇಡಿ. ಅವು ತೈಲವರ್ಣದ ಕಲಾಕೃತಿಗಳು: ಮಣ್ಣಿನ ಬಣ್ಣಗಳು, ಕತ್ತಲಿನಿಂದ ಅರ್ಧ ಮಾತ್ರ ಹೊರಬಂದ ಮೈಕಟ್ಟು, ಉಳಿದದ್ದು ನಮ್ಮ ಊಹೆಗೆ. ಇ.ಸಿ.ಯ ಕಲಾವಿದ ಜಾನಿ ಕ್ರೇಗ್ ಅವರದು ಇದಕ್ಕೆ ವಿರುದ್ಧ ದಾರಿ. ಅಚ್ಚುಕಟ್ಟಾದ ಗೆರೆ, ಸ್ಪಷ್ಟ ಬೆಳಕು, ಅದರಲ್ಲೇ ಎದೆ ನಡುಗಿಸುವ ಘಟನೆ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನಿಜವಾದ ಸುಖ.

ಅಗ್ಗದ ನ್ಯೂಸ್‌ಪ್ರಿಂಟ್ ಆಮ್ಲದಿಂದ ಹಳದಿಯಾಗುತ್ತದೆ. ಪಿವಿಸಿ ಹೊದಿಕೆ ಬೇಡ. ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್ ಹಾಳೆ) ಹೊದಿಕೆ, ಹಿಂದೆ ಆಮ್ಲರಹಿತ ರಟ್ಟು ಬಳಸಿ, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ. ನಮ್ಮ ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಗೋಡೆಗೆ ಹಾಕುವ ಆಸೆಯಿದ್ದರೆ ಮುಖಪುಟದ ಪ್ರತಿಯನ್ನು ಮುದ್ರಿಸಿ ಚೌಕಟ್ಟು ಹಾಕಿಸಿ, ಮೂಲ ಪ್ರತಿಗೆ ಬಿಸಿಲು ತಾಗಿಸಬೇಡಿ.