ಕುಟುಂಬ ಕೌನ್ಸೆಲರ್ ಆಗಬೇಕಾ? ಕಣ್ಣು ಮುಚ್ಚೋಕೆ ಅವಸರ ಬೇಡ

ನಮ್ಮ ಬೆಳಗಾವಿಯ ಚರ್ಚ್ ಸಭೆಗಳಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಸುದ್ದಿ ಮೊದಲು ಹೋಗುವುದು ಪಾಸ್ಟರ್ ಹತ್ತಿರ, ಆಮೇಲೆ ಪಾಸ್ಟರಮ್ಮನ ಹತ್ತಿರ, ಇಬ್ಬರೂ ಸಿಗದಿದ್ದರೆ ಸಂಡೇ ಸ್ಕೂಲ್ ಟೀಚರ್ ಹತ್ತಿರ. ಆ ಟೀಚರ್ ನಾನು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಅಕ್ಕ ಬಂದು ಗಂಡನ ಕುಡಿತದ ಬಗ್ಗೆ ಹೇಳತೊಡಗಿದರು. ಎರಡು ನಿಮಿಷ ಕೇಳಿದೆ. "ಪ್ರಾರ್ಥನೆ ಮಾಡೋಣ ಅಕ್ಕಾ" ಅಂತ ಕಣ್ಣು ಮುಚ್ಚಿದೆ. ತಿಂಗಳಾದ ಮೇಲೆ ಅವರೇ ಹೇಳಿದರು: "ನೀ ಕಣ್ಣು ಮುಚ್ಚಿದಾಗ ನಾ ಇನ್ನಾ ಅರ್ಧಾನೂ ಹೇಳಿರ್ಲಿಲ್ಲ ತಂಗಿ." ನಾನು ಈ ಕೌನ್ಸೆಲಿಂಗ್ ದಾರಿಗೆ ಬಂದದ್ದು ಆ ಮಾತಿನಿಂದ. ದರ್ಶನ ಗಿರ್ಶನ ಏನೂ ಆಗಲಿಲ್ಲ.

ನೀವೂ ಬರಬೇಕೆಂದಿದ್ದರೆ ಓದಿನ ವಿಷಯ ಮೊದಲು ಮುಗಿಸಿಬಿಡೋಣ. ಎರಡು ದಿನದ ಸೆಮಿನಾರಿನ ಸರ್ಟಿಫಿಕೇಟ್ ಸಾಲದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಇದೆ, ಎರಡು ವರ್ಷ. ನಾನು ಶಾಲೆ ಕೆಲಸ ಬಿಡದೆ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದಲ್ಲಿ ಕೌನ್ಸೆಲಿಂಗ್ ಮತ್ತು ಫ್ಯಾಮಿಲಿ ಥೆರಪಿ ಓದಿದೆ. ಪುಸ್ತಕಕ್ಕಿಂತ ಜಾಸ್ತಿ ಕಲಿಸಿದ್ದು ಸೂಪರ್‌ವಿಷನ್, ಅಂದರೆ ನಮ್ಮ ಕೇಸನ್ನು ಹಿರಿಯರ ಮುಂದಿಟ್ಟು ಬೈಸಿಕೊಳ್ಳೋದು. ಸೈಕಾಲಜಿ ಲೋಕದ ವಿದ್ಯೆ, ನಮಗ್ಯಾಕೆ ಅನ್ನುವವರು ಸಭೆಯಲ್ಲಿ ಇದ್ದೇ ಇರುತ್ತಾರೆ. ಕೇಳುವುದನ್ನೇ ಚಿಕಿತ್ಸೆ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಸೈಕಾಲಜಿಗೆ ಬರುವ ಮೊದಲು ಓದಲು ಹೋಗಿದ್ದು ಪಾಸ್ಟರ್‌ಗಳು ಓದುವ ಸೆಮಿನರಿಗೇ ಅಂತ ಅವರಿಗೆ ಹೇಳಿ. ಆಮೇಲೆ ಬಿಟ್ಟು ಬಂದರು ಅನ್ನೋದನ್ನ ಹೇಳಬೇಡಿ!

ಔಷಧಿ ಬರೆಯೋದು ಸೈಕಿಯಾಟ್ರಿಸ್ಟ್ ಕೆಲಸ, ನಮ್ಮದಲ್ಲ. ದಿನಗಟ್ಟಲೆ ನಿದ್ದೆ ಇಲ್ಲ, ಕಿವಿಯಲ್ಲಿ ಯಾರೋ ಮಾತಾಡ್ತಾರೆ ಅಂದರೆ ದೆವ್ವ ಬಿಡಿಸಲು ಕೂರಬೇಡಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿ. ಅಪರಾತ್ರಿಯಲ್ಲಾದರೆ 14416, ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕೆಲಸಕ್ಕೆ ಬರೋಣ. ಒಂದು ದೊಡ್ಡ ಹಾಳೆ ತಗೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ಸುತ್ತು. ಮದುವೆಗೆ ಅಡ್ಡಗೆರೆ, ಮಕ್ಕಳಿಗೆ ಅದರಿಂದ ಕೆಳಗಿಳಿಯುವ ಗೆರೆ. ಜಗಳ ಇದ್ದಲ್ಲಿ ಅಂಕುಡೊಂಕು, ಮಾತೇ ಬಿಟ್ಟಿದ್ದರೆ ನಡುವೆ ಕತ್ತರಿಸಿದ ಗೆರೆ. ಮೂರು ತಲೆಮಾರು ಬರಲಿ. ಇದಕ್ಕೆ ಜೀನೋಗ್ರಾಮ್ ಅಂತಾರೆ. ಮೊದಲು ಬೈಬಲಿನ ಆದಿಕಾಂಡದ ಮನೆತನ ಬರೆದು ಕೈ ಪಳಗಿಸಿಕೊಳ್ಳಿ. ಅಪ್ಪ ಇಸಾಕನಿಗೆ ದೊಡ್ಡ ಮಗ ಏಸಾವ ಅಚ್ಚುಮೆಚ್ಚು, ಅವ್ವ ರೆಬೆಕ್ಕಳಿಗೆ ಚಿಕ್ಕ ಮಗ ಯಾಕೋಬ. ಆ ಭೇದದಿಂದ ಹುಟ್ಟಿದ ಜಗಳಕ್ಕೆ ಹೆದರಿ ಮನೆ ಬಿಟ್ಟು ಓಡಿದ ಯಾಕೋಬನೇ ಮುಂದೆ ಅಷ್ಟು ಜನ ಮಕ್ಕಳಲ್ಲಿ ಯೋಸೇಫನೊಬ್ಬನಿಗೆ ನಿಲುವಂಗಿ ಮಾಡಿಸಿದ. ಬಂದವರ ಮುಂದೆ ಇದನ್ನು ಬರೆದು ತೋರಿಸಿದರೆ ಅರ್ಧ ನಾಚಿಕೆ ಅಲ್ಲೇ ಹೋಗುತ್ತದೆ.

ಆಮೇಲೆ ನಿಮ್ಮ ಮನೆಯದು ಬರೆಯಿರಿ. ತಪ್ಪಿಸಿಕೊಳ್ಳಬೇಡಿ. ನನ್ನದು ಬರೆದಾಗ ಗೊತ್ತಾಯ್ತು, ನಮ್ಮಲ್ಲಿ ಅಜ್ಜಿ, ಅವ್ವ, ದೊಡ್ಡವ್ವ ಎಲ್ಲರೂ ಮಾತು ಬಿಸಿಯಾದರೆ ಪಾತ್ರೆ ತಿಕ್ಕಲು ಎದ್ದು ಹೋಗುವವರೇ. ಆ ಅಕ್ಕನ ಮುಂದೆ ನಾನು ಕಣ್ಣು ಮುಚ್ಚಿದ್ದೂ ಅದೇ, ಪಾತ್ರೆ ಇರಲಿಲ್ಲ ಅಷ್ಟೆ.

ಕುಟುಂಬ ಬಂದಾಗ ಯಾರಿಗೂ ಕುರ್ಚಿ ತೋರಿಸಬೇಡಿ. ಸುಮ್ನೆ ನೋಡಿ, ಯಾರು ಯಾರ ಪಕ್ಕ ಕೂರುತ್ತಾರೆ ಅಂತ. "ನಿಮ್ಮ ಸಮಸ್ಯೆ ಏನು" ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಮೇಲೆ ಚಾಡಿ ಶುರು ಮಾಡುತ್ತಾರೆ. ಅದರ ಬದಲು ಇಬ್ಬರ ನಡುವಿನದನ್ನು ಮೂರನೆಯವರ ಹತ್ತಿರ ಕೇಳಿ. ಒಂದು ಮನೆ ಹೇಳುತ್ತೇನೆ (ಗುರುತು ಸಿಗದ ಹಾಗೆ ಎರಡು ಮೂರು ಮನೆ ಸೇರಿಸಿದ್ದೇನೆ). ಅಪ್ಪ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ, ಅತ್ತೆ ಸೊಸೆಗೆ ಮಾತಿಲ್ಲ. ದೊಡ್ಡವರು ಮುಕ್ಕಾಲು ಗಂಟೆ ನ್ಯಾಯ ಹೇಳಿದರು. ಆಮೇಲೆ ಹತ್ತು ವರ್ಷದ ಮಗಳನ್ನು ಕೇಳಿದೆ, ಅಜ್ಜಿ ಅವ್ವ ಮಾತು ಬಿಟ್ಟಾಗ ಅಪ್ಪ ಏನು ಮಾಡ್ತಾರೆ ಪುಟ್ಟಾ? "ಗಾಡಿ ತೊಗೊಂಡು ಹೊರಗ ಹೋಗ್ತಾರ. ಬರೋವಾಗ ಕುಂದಾ ತರ್ತಾರ. ಎರಡು ಡಬ್ಬಿ. ಅಜ್ಜಿಗೊಂದು, ಅವ್ವಗೊಂದು." ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಎರಡನೇ ಡಬ್ಬಿಯ ವಿಷಯ ಇಬ್ಬರಿಗೂ ಗೊತ್ತೇ ಇರಲಿಲ್ಲ! ಅವತ್ತು ನಿಜವಾದ ಮಾತು ಶುರುವಾಗಿದ್ದು ಅಲ್ಲಿಂದ.

ಹೊಡೆತ ಬಡಿತ ಇರುವ ಮನೆಯಲ್ಲಿ ಮಾತ್ರ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಬೇಡಿ. ಇಲ್ಲಿ ಆಡಿದ ಮಾತಿಗೆ ಅಲ್ಲಿ ಏಟು ಬೀಳುತ್ತದೆ. ಹೆಂಡತಿ ಜೊತೆ ಬೇರೆಯಾಗಿ ಮಾತಾಡಿ, ಮಹಿಳಾ ಸಹಾಯವಾಣಿ 181ರ ನಂಬರ್ ಕೊಡಿ, "ಕ್ಷಮಿಸು, ಅಧೀನಳಾಗಿರು" ಅನ್ನೋ ವಚನ ಆ ಹೊತ್ತಿಗೆ ಬಾಯಿಗೆ ಬರಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಗುಟ್ಟು ಕಾಯುತ್ತೇನೆ ಅಂತ ಮಾತು ಕೊಡುವಾಗಲೇ ಇದನ್ನೂ ಹೇಳಿಬಿಡಿ.

ಹಾಗಾದರೆ ಪ್ರಾರ್ಥನೆ? ಬಿಟ್ಟಿಲ್ಲ. ಕೊನೆಯಲ್ಲಿ, "ಪ್ರಾರ್ಥನೆ ಬೇಕಾ, ಇವತ್ತು ಬೇಡವಾ" ಅಂತ ಕೇಳುತ್ತೇನೆ. ಬೇಡ ಅಂದರೆ ಬೇಡ. ಬೈಬಲಿನಲ್ಲಿ ಎಲ್ಲ ಕಳಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತಿದ್ದರಲ್ಲ, ಅಲ್ಲಿಯವರೆಗೂ ಚೆನ್ನಾಗೇ ಇತ್ತು. ಬಾಯಿ ತೆಗೆದ ಮೇಲೆ ಕೆಟ್ಟಿತು.

ಇನ್ನೊಂದು ತೊಡಕು, ಬೆಳಗಾವಿಯ ನಮ್ಮ ಕ್ಯಾಂಪ್ ಪ್ರದೇಶದ ಕಡೆ ಎಲ್ಲರಿಗೂ ಎಲ್ಲರೂ ಗೊತ್ತು. ನಿಮ್ಮ ಸಭೆಯವರನ್ನು ಆದಷ್ಟು ಬೇರೆ ಕೌನ್ಸೆಲರ್ ಹತ್ತಿರ ಕಳಿಸಿ. ಆಗದಿದ್ದರೆ ಮೊದಲ ದಿನವೇ ಹೇಳಿ: ಭಾನುವಾರ ಚರ್ಚ್ ಬಾಗಿಲಲ್ಲಿ ಸಿಕ್ಕಾಗ ನಾನು "ಹೇಗಿದೆ ಈಗ?" ಅಂತ ಕೇಳೋದಿಲ್ಲ, ನೀವು ನನ್ನ ನೋಡಿ ನಗಲೇಬೇಕು ಅಂತಾನೂ ಇಲ್ಲ.